ಒಲೆಯ ಮೇಲಿನ ಅಟ್ಟದಲ್ಲಿ ಲೆನ್ಸು

ಕಾಸರಕೋಡ, ಹೊನ್ನಾವರ ತಾಲ್ಲೂಕು
೧೨ ಫೆಬ್ರವರಿ ೧೯೫೯

ಪ್ರಿಯ ಜಾಫರ್,

ನಾಲ್ಕು ತಿಂಗಳಿಂದ ಸುದ್ದಿಯಿಲ್ಲದವನು ಈಗ ಯಾಕೆ ಬರೆದ ಎಂದು ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ, ನಿನ್ನಿಂದ ಕೆಲಸವಾಗಬೇಕಿದೆ. ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂತು ಗಣಿತದ ಉತ್ತರ ಕದ್ದವನು ನೀನು. ಇವತ್ತು ನೀನು ಮುಂಬಯಿಯಲ್ಲಿ ಕ್ಯಾಮೆರಾ ರಿಪೇರಿ ಮಾಡುವ ದೊಡ್ಡ ಮನುಷ್ಯ, ನಾನು ಅದೇ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಹಳೆಯ ಋಣ ತೀರಿಸು.

ನಮ್ಮ ಮನೆಯಿಂದ ಕಡಲಿಗೆ ಹೋಗುವ ದಾರಿಯ ಗಾಳಿಮರಗಳು ನಿನಗೆ ನೆನಪಿರಬೇಕು. ತುದಿಯ ಮರದಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದಿನ ಜೋಡಿ ಗೂಡು ಕಟ್ಟಿದೆ. ಬೆಳಿಗ್ಗೆ ಗಂಡು ಹಕ್ಕಿ ಹಾವುಮೀನು ಹಿಡಿದು ತರುತ್ತದೆ, ಹೆಣ್ಣು ಅದನ್ನು ಕಿತ್ತು ಮರಿಯ ಬಾಯಿಗೆ ಇಡುತ್ತದೆ. ನೀನು ಕೊಡಿಸಿದ ಕ್ಯಾಮೆರಾದಲ್ಲಿ ಆರು ರೋಲು ತೆಗೆದೆ. ಎಲ್ಲದರಲ್ಲೂ ಮರ ಬಂದಿದೆ, ಆಕಾಶ ಬಂದಿದೆ, ಹದ್ದಿನ ಜಾಗದಲ್ಲಿ ಒಂದು ಇರುವೆ ಕೂತಿದೆ. ನನಗೆ ದೂರದ ಲೆನ್ಸು ಬೇಕು, ಸಿಗುವುದರಲ್ಲಿ ಎಲ್ಲಕ್ಕಿಂತ ಉದ್ದದ್ದು. ಬದಲಿಗೆ ಈಗಿರುವ ಚಿಕ್ಕ ಲೆನ್ಸನ್ನು ಅಂಗಡಿಗೆ ಕೊಡುತ್ತೇನೆ. ಬೇರೆ ದಾರಿ ನನಗಿಲ್ಲ.

ಸುಮತಿಗೆ ಈ ಹುಚ್ಚು ಹಿಡಿಸುವುದಿಲ್ಲ. "ಮೊದ್ಲು ಮನೆ ಹುಡ್ಗಿದು ಒಂದ್ ಫೋಟೋ ತೆಗೀರಿ, ಹದ್ದಿಗೆ ಎಂತ ಅವಸರ?" ಎನ್ನುತ್ತಾಳೆ. ಮಾದೇವಿಗೆ ಎರಡೂವರೆ ವರ್ಷವಾಯಿತು. ಅವಳದು ಒಂದೂ ಫೋಟೋ ಇಲ್ಲ ಎನ್ನುವುದು ನಿಜ. ಪ್ರತಿ ರೋಲಿನ ಕೊನೆಯ ಎರಡು ಅವಳಿಗೆ ಎಂದುಕೊಳ್ಳುತ್ತೇನೆ, ಅಷ್ಟರಲ್ಲಿ ಹದ್ದು ಬಂದುಬಿಡುತ್ತದೆ. ಹುಡುಗಿ ಎಲ್ಲಿಗೆ ಹೋಗುತ್ತಾಳೆ, ಮನೆಯಲ್ಲೇ ಇರುತ್ತಾಳಲ್ಲ.

ನಿನ್ನ
ಮಹಾಬಲ


ಮುಂಬಯಿ
೩ ಮಾರ್ಚ್ ೧೯೫೯

ಮಾಸ್ತರ ಮಹಾಬಲನಿಗೆ,

ಮೊದಲು ಬುದ್ಧಿವಾದ, ಆಮೇಲೆ ಲೆನ್ಸು.

ಉದ್ದವಾದಷ್ಟೂ ಒಳ್ಳೆಯದು ಎಂದು ತಿಳಿದವರೆಲ್ಲ ಕೊನೆಗೆ ನನ್ನ ಮೇಜಿನ ಎದುರು ಬಂದು ಅಳುತ್ತಾರೆ. ನಾನೂರು ಮಿಲಿಮೀಟರಿನ ಲೆನ್ಸೆಂದರೆ ಒನಕೆಯ ತುಂಡು. ಕೈಯಲ್ಲಿ ಹಿಡಿದರೆ ನಿನ್ನ ಎದೆಬಡಿತವೂ ಚಿತ್ರದಲ್ಲಿ ಬರುತ್ತದೆ, ಗಟ್ಟಿ ಮುಕ್ಕಾಲಿ ಬೇಕು. ಅದು ಬೆಳಕನ್ನು ಕಡಿಮೆ ಕುಡಿಯುವುದರಿಂದ ಬಿಸಿಲು ಏರುವ ತನಕ ಕಾಯಬೇಕು. ಇಪ್ಪತ್ತು ಅಡಿಗಿಂತ ಹತ್ತಿರ ಇದ್ದದ್ದು ಅದಕ್ಕೆ ಕಾಣುವುದೇ ಇಲ್ಲ. ಗುಡ್ಡ, ಹೊಳೆ, ಕಡಲು ತೆಗೆಯುವುದಕ್ಕಂತೂ ಅದು ಪ್ರಯೋಜನವಿಲ್ಲ. ಯಾಣದ ಬಂಡೆಯ ಎದುರು ನಿಂತರೆ ನಿನಗೆ ಸಿಗುವುದು ಬಂಡೆಯ ಮೇಲಿನ ಒಂದು ಹೆಜ್ಜೇನಿನ ಗೂಡು, ಅಷ್ಟೇ. ನೂರಮೂವತ್ತೈದರ ಲೆನ್ಸು ತೆಗೆದುಕೊಂಡು ಮರದ ಹತ್ತಿರ ಸೊಪ್ಪಿನ ಮರೆ ಕಟ್ಟಿಕೊಂಡು ಕೂರು. ಹದ್ದಿಗಿಂತ ಮಾಸ್ತರನಿಗೆ ತಾಳ್ಮೆ ಹೆಚ್ಚಿರಬೇಕು.

ಏನೇ ಮಾಡು, ಚಿಕ್ಕ ಲೆನ್ಸು ಮಾತ್ರ ಕೊಡಬೇಡ. ಮನೆಯವರ ಮುಖಕ್ಕೆ ಅದೇ ಬೇಕು. ಸುಮತಿ ಅತ್ತಿಗೆ ಹೇಳಿದ್ದರಲ್ಲಿ ತಪ್ಪಿಲ್ಲ.

ಇಷ್ಟು ಹೇಳಿಯೂ ನೀನು ಕೇಳುವವನಲ್ಲ ಎಂದು ಗೊತ್ತು. ಹಳೆಯದೊಂದು ಜರ್ಮನ್ ನಾನೂರು ಅಂಗಡಿಗೆ ಬಂದಿದೆ. ಯೋಚಿಸಿ ಬರೆ.

ಜಾಫರ್


ಮುಂಬಯಿ
೨೦ ಅಕ್ಟೋಬರ್ ೧೯೫೯

ಮಹಾಬಲ,

ವಾರಕ್ಕೊಂದು ಕಾಗದ ಬರೆದು ನನ್ನ ತಲೆ ತಿಂದೆ. ಗೂಡಿಗೆ ಹಕ್ಕಿ ಮರಳಿ ಬಂತು ಎಂದು ತಂತಿಯನ್ನೇ ಕಳಿಸಿದೆ. ಅಂಗಡಿಯವರು ಮನೆಯಲ್ಲಿ ಯಾರೋ ತೀರಿಕೊಂಡರೆಂದು ನನಗೆ ರಜೆ ಕೊಡಲು ಬಂದರು. ಆತು ಮಾರಾಯ, ತಗೋ ನಿನ್ನ ನಾನೂರು. ಭಟ್ಕಳಕ್ಕೆ ಹೊರಟ ನನ್ನ ಅಣ್ಣನ ಕೈಯಲ್ಲಿ ಕಳಿಸಿದ್ದೇನೆ. ನಿನ್ನ ಚಿಕ್ಕ ಲೆನ್ಸು ಅಂಗಡಿಯ ಗಾಜಿನ ಕಪಾಟಿಗೆ ಹೋಯಿತು.

ಮುಂದಿನ ಗಾಜನ್ನು ನಾನೇ ಬಿಚ್ಚಿ, ಶುಚಿ ಮಾಡಿ ಕೂರಿಸಿದ್ದೇನೆ. ನೀನು ಮಾತ್ರ ಯಾವ ತಿರುಪನ್ನೂ ಮುಟ್ಟಬೇಡ. ಧೂಳು ಬಿದ್ದರೆ ಪಂಚೆಯ ತುದಿಯಿಂದ ಉಜ್ಜಬಾರದು, ಮರಳಿನ ಒಂದು ಕಣವಿದ್ದರೂ ಗೀರು ಬೀಳುತ್ತದೆ. ಮೊದಲು ರಬ್ಬರಿನ ಗಾಳಿಚೆಂಡು, ಆಮೇಲೆ ಮೆತ್ತನೆಯ ಕುಂಚ, ಕೊನೆಗೆ ಮಾತ್ರ ತೊಳೆದು ಒಣಗಿಸಿದ ಹಳೆಯ ಮಲ್‌ಬಟ್ಟೆ, ನಡುವಿನಿಂದ ಅಂಚಿಗೆ. ಕಡಲಿನಿಂದ ಬಂದ ದಿನ ಹೊರಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಉಪ್ಪು ತೆಗೆ. ಚರ್ಮದ ಚೀಲದಲ್ಲಿ ಇಡಲೇಬೇಡ, ಚರ್ಮವೇ ನೀರು ಹೀರಿ ಗಾಜಿಗೆ ಕೊಡುತ್ತದೆ.

ನಿಜವಾದ ಶತ್ರು ನಮ್ಮ ಕಡೆಯ ಮಳೆಗಾಲ. ಗಾಜಿನ ಒಳಗೂ ಬೂಷ್ಟು ಹಿಡಿಯುತ್ತದೆ, ಜೇಡನ ಎಳೆಯ ಹಾಗೆ ಹಬ್ಬುತ್ತದೆ. ಜೂನಿನಿಂದ ನಾಲ್ಕು ತಿಂಗಳು ಒಣಗಿದ ಜಾಗದಲ್ಲೇ ಇಡಬೇಕು. ಇದೊಂದು ಮರೆತರೆ ಉಳಿದದ್ದೆಲ್ಲ ದಂಡ.

ಜಾಫರ್


ಕಾಸರಕೋಡ
೮ ಮೇ ೧೯೬೦

ಪ್ರಿಯ ಜಾಫರ್,

ಹದ್ದಿನ ಕಣ್ಣು ಸಿಕ್ಕಿತು. ಕಣ್ಣಿನ ಸುತ್ತಲಿನ ಗೆರೆಯೂ ಸಿಕ್ಕಿತು. ಡಿಸೆಂಬರಿನಲ್ಲಿ ತೆಗೆದ ಮೂರು ಚಿತ್ರಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಶಾಲೆಯ ಪ್ರಯೋಗಶಾಲೆಯ ಕಿಟಕಿಗೆ ಕಂಬಳಿ ಕಟ್ಟಿ ನಾನೇ ತೊಳೆದದ್ದು. ಹೆಡ್ಮಾಸ್ತರರು ನೋಡಿ, "ಇದು ಸತ್ತ ಹಕ್ಕಿಯೋ ಜೀವದ್ದೋ?" ಎಂದರು. ಅಷ್ಟು ಹತ್ತಿರ ಬಂದಿದೆ.

ಒಂದು ಸಣ್ಣ ಅನುಮಾನ. ಏಪ್ರಿಲ್ ತಿಂಗಳಿಂದ ಚಿತ್ರದ ನಡುವೆ ಒಂಚೂರು ಹಾಲು ಬಿದ್ದ ಹಾಗೆ ಕಾಣುತ್ತದೆ. ಕಪ್ಪು ಇರಬೇಕಾದಲ್ಲಿ ಬೂದಿ ಬಣ್ಣ. ಹೊರಗಿನಿಂದ ಒರೆಸಿದರೆ ಹೋಗುವುದಿಲ್ಲ. ಇದು ಏನಿರಬಹುದು?

ಮಾದೇವಿಯ ಚಿತ್ರ ತೆಗೆಯಲು ಕೂರಿಸಿದೆ. ನೀನು ಹೇಳಿದ ಹಾಗೆ ಇಪ್ಪತ್ತು ಅಡಿ ಬೇಕು. ನಾನು ಹಿಂದೆ ಹಿಂದೆ ಹೋದೆ, ಅಪ್ಪ ಎಲ್ಲಿ ಹೊರಟ ಎಂದು ಅವಳು ಎದ್ದು ಓಡಿ ಬಂದು ಕಾಲು ಹಿಡಿದಳು. ನಾಲ್ಕು ಸಲ ಹೀಗೇ ಆಯಿತು. ಸುಮತಿ ಬಾಗಿಲಲ್ಲಿ ನಿಂತು ನಕ್ಕೂ ನಕ್ಕೂ ಸುಸ್ತಾದಳು. ಮಳೆ ಕಳೆಯಲಿ, ಆಗ ಇನ್ನೂ ಸ್ವಲ್ಪ ಬುದ್ಧಿ ಬಂದಿರುತ್ತದೆ, ಕೂತಲ್ಲಿ ಕೂರುತ್ತಾಳೆ.

ನಿನ್ನ
ಮಹಾಬಲ


ಮುಂಬಯಿ
೨೫ ಮೇ ೧೯೬೦

ಮಹಾಬಲ,

ಹದ್ದು ಅದ್ಭುತವಾಗಿದೆ. ಅಂಗಡಿಯ ಗೋಡೆಗೆ ಹಚ್ಚಿದ್ದೇನೆ.

ಹಾಲಿನ ವಿಷಯಕ್ಕೆ ಚಿಂತೆ ಬೇಡ. ಏಪ್ರಿಲ್ ಮೇ ತಿಂಗಳಲ್ಲಿ ಕಡಲ ಮೇಲಿನ ಬಿಸಿಗಾಳಿ, ಉಪ್ಪು, ಎದುರು ಬಿಸಿಲು, ಇವೆಲ್ಲ ಸೇರಿದರೆ ಹಾಗೇ ಕಾಣುತ್ತದೆ. ಲೆನ್ಸಿನ ಮೂತಿಗೆ ಕಪ್ಪು ಕಾಗದದ ಕೊಳವೆ ಮಾಡಿ ಹಾಕು. ಬೆಳಿಗ್ಗೆ ಬೇಗ ತೆಗೆ. ಕೆಲಸ ಬಹಳ, ಇಷ್ಟಕ್ಕೇ ನಿಲ್ಲಿಸುತ್ತೇನೆ.

ಜಾಫರ್


ಕಾಸರಕೋಡ
೩೦ ಜನವರಿ ೧೯೬೧

ಜಾಫರ್,

ಕ್ಷೇಮ ಎಂದು ಬರೆಯಲು ಈ ಮನೆಯಲ್ಲಿ ಏನೂ ಉಳಿದಿಲ್ಲ. ಈ ತಿಂಗಳ ನಾಲ್ಕನೆಯ ತಾರೀಕು ಮಾದೇವಿ ಹೋದಳು. ಗಂಟಲುಮಾರಿ. ಎರಡೇ ದಿನ. ಹೊಳೆ ದಾಟಿಸಿ ಹೊನ್ನಾವರದ ಆಸ್ಪತ್ರೆಗೆ ಒಯ್ಯುವಾಗ ದೋಣಿಯಲ್ಲೇ ಉಸಿರು ನಿಂತಿತ್ತು.

ಅವಳ ಚಿತ್ರ ಇದೆ ಎಂದು ಒಂದೇ ಧೈರ್ಯವಿತ್ತು. ದೀಪಾವಳಿಯ ದಿನ ಹೊಸ ಅಂಗಿ ಹಾಕಿ ಅಂಗಳದ ಕಟ್ಟೆಯ ಮೇಲೆ ಕೂತಿದ್ದಳು. ಈ ಸಲ ಓಡಿ ಬರಲಿಲ್ಲ, ಕೂತೇ ಇದ್ದಳು. ಹನ್ನೊಂದು ತೆಗೆದಿದ್ದೆ. ಕಿಂಡಿಯಲ್ಲಿ ನೋಡುವಾಗ ಮಸುಕಿತ್ತು, ಕಡಲಿನ ಮಂಜು ಎಂದುಕೊಂಡೆ. ರೋಲಿನಲ್ಲಿ ಇನ್ನೂ ಫಿಲ್ಮು ಉಳಿದಿತ್ತೆಂದು ಹದ್ದಿಗಾಗಿ ಇಟ್ಟುಕೊಂಡಿದ್ದೆ. ಅವಳು ಹೋದ ಹದಿನೈದನೆಯ ದಿನ ತೊಳೆದೆ. ಅಂಗಿ ಇದೆ, ಕಟ್ಟೆ ಇದೆ, ಕೈಯ ಬಳೆ ಇದೆ. ಬಿಸಿಲು ಬಿದ್ದ ಮುಖದ ಜಾಗದಲ್ಲಿ ಹಾಲು ಚೆಲ್ಲಿದೆ. ಹನ್ನೊಂದರಲ್ಲೂ ಹಾಗೇ. ಕಣ್ಣಿಲ್ಲ, ಮೂಗಿಲ್ಲ.

ಲೆನ್ಸನ್ನು ಬೆಳಕಿಗೆ ಹಿಡಿದೆ. ನಡುವೆಲ್ಲ ಮಬ್ಬು. ಮಳೆಗಾಲದಲ್ಲಿ ನಾನು ಅದನ್ನು ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದೆ. ಸುಮತಿಯನ್ನು ಕೇಳಿದರೆ ಹೇಳುತ್ತಾಳೆ, "ಕಪಾಟು ನೀರು ಒಸರ್ತಿತ್ತು, ಅದ್ಕೆ ಡಬ್ಬಿಗೆ ಹಾಕಿ ಒಲೆ ಅಟ್ಟದ ಮೇಲೆ ಇಟ್ಟೆ. ಅಲ್ಲಿ ಎಂತದೂ ಕೆಡೂದಿಲ್ಲ." ಬೀಜದ ಭತ್ತ, ಒಣಮೀನು, ಹಪ್ಪಳ ಇಡುವ ಅಟ್ಟದ ಮೇಲೆ, ಜಾಫರ್. ಕೆಳಗೆ ಮೂರು ಹೊತ್ತು ಬೆಂಕಿ. ನಾಲ್ಕು ತಿಂಗಳು ಅಲ್ಲೇ ಇಟ್ಟು, ದಸರೆಗೆ ಇಳಿಸಿ, ಇದ್ದ ಹಾಗೆ ಕಪಾಟಿನಲ್ಲಿಟ್ಟಿದ್ದಾಳೆ. ನನಗೆ ಗೊತ್ತೇ ಇಲ್ಲ.

ನಾನು ಅವಳಿಗೆ ಹೇಳಬಾರದ ಮಾತು ಹೇಳಿದೆ. ನನ್ನ ಮಗಳ ಮುಖವನ್ನು ನೀನು ಒಲೆಗೆ ಹಾಕಿದೆ ಎಂದೆ. ಹೇಳಿದ್ದು ತಪ್ಪು ಎಂದು ನನಗೆ ಅನಿಸುವುದೂ ಇಲ್ಲ.

ಲೆನ್ಸು ಕಳಿಸಿದ್ದೇನೆ. ಬಿಚ್ಚಿ ನೋಡಿ, ಬೆಂಕಿಯ ಬಿಸಿಗೇ ಹೀಗಾಯಿತೇ ಎಂದು ಹೇಳು. ನನಗೆ ಅದು ತಿಳಿಯಬೇಕು.

ಮಹಾಬಲ


ಮುಂಬಯಿ
೨ ಮಾರ್ಚ್ ೧೯೬೧

ಪ್ರಿಯ ಮಹಾಬಲ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ನಾಲ್ಕು ಸಲ ಬರೆದು ಹರಿದೆ. ಕಳೆದ ವರ್ಷ ಊರಿಗೆ ಬಂದಾಗ ಆ ಮಗು ನನ್ನ ಟೊಪ್ಪಿ ಕಿತ್ತುಕೊಂಡು ಬಾವಿಕಟ್ಟೆಯ ಸುತ್ತ ಓಡಿತ್ತು. ದೇವರು ನಿಮ್ಮಿಬ್ಬರಿಗೆ ಸಹಿಸುವ ಶಕ್ತಿ ಕೊಡಲಿ.

ಲೆನ್ಸು ಬಿಚ್ಚಿ ನೋಡಿದೆ. ಮುಂದಿನ ಗಾಜೆಂದರೆ ಎರಡು ಗಾಜುಗಳನ್ನು ಬಾಲ್ಸಮ್ ಎಂಬ ಮರದ ಅಂಟಿನಿಂದ ಕೂಡಿಸಿದ್ದು. ಆ ಅಂಟು ಕೆಟ್ಟಿದೆ. ಬಿಸಿಗೆ ಅಂಟು ಕೆಡುವುದುಂಟು. ಖಂಡಿತ ಹೀಗೇ ಎಂದು ಹೇಳಲು ಬರುವುದಿಲ್ಲ. ಲೆನ್ಸು ನನ್ನ ಹತ್ತಿರವೇ ಇರಲಿ.

ಅತ್ತಿಗೆಯನ್ನು ಏನೂ ಅನ್ನಬೇಡ. ಅವರೂ ತಾಯಿ.

ಜಾಫರ್


ಕಾಸರಕೋಡ
೧೧ ನವೆಂಬರ್ ೧೯೬೨

ಪ್ರಿಯ ಜಾಫರ್,

ಆಗಸ್ಟಿನಲ್ಲಿ ಗಂಡು ಮಗು ಹುಟ್ಟಿದೆ. ಸೋಮ ಎಂದು ಹೆಸರಿಟ್ಟಿದ್ದೇವೆ. ಎಲ್ಲರೂ ಇನ್ನಾದರೂ ಮನೆ ಬೆಳಕಾಯಿತು ಎನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ.

ಸುಮತಿ ನನ್ನ ಕೋಣೆಯ ಹೊಸ್ತಿಲು ದಾಟುವುದಿಲ್ಲ. ದಾಟಬಾರದೆಂದು ನಾನೇ ಹೇಳಿದ್ದು. ಕಳೆದ ತಿಂಗಳು ಕಸ ಹೊಡೆಯಲು ಬಂದವಳು ಮಾದೇವಿಯ ನೆಗೆಟಿವ್ ಇಟ್ಟ ತಗಡಿನ ಪೆಟ್ಟಿಗೆಯನ್ನು ಒಂದು ಗೇಣು ಸರಿಸಿದ್ದಳು. ನನಗೆ ತಲೆ ಕೆಟ್ಟುಹೋಯಿತು. ಮಗುವನ್ನು ಎತ್ತಿ ತಂದು, ಅವನ ತಲೆಯ ಮೇಲೆ ಅವಳ ಕೈ ಇಡಿಸಿ ಆಣೆ ಮಾಡಿಸಿದೆ. ಈ ಪೆಟ್ಟಿಗೆಯನ್ನು ನಾನು ಮುಟ್ಟುವುದಿಲ್ಲ, ಬೇರೆಯವರ ಕೈಯಿಂದಲೂ ಮುಟ್ಟಿಸುವುದಿಲ್ಲ ಎಂದು ಹೇಳಿಸಿದೆ. ಅವಳು ಹೇಳಿದಳು. ಹೇಳಿ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಇದನ್ನು ನಿನಗೆ ಯಾಕೆ ಬರೆಯುತ್ತಿದ್ದೇನೆಂದರೆ, ಬೇರೆ ಯಾರಿಗೂ ಹೇಳುವ ಹಾಗಿಲ್ಲ. ನಾನು ಒಳ್ಳೆಯ ಮನುಷ್ಯನೆಂದು ಊರಿನಲ್ಲಿ ಹೆಸರಿದೆ.

ಅದೇ ಮರದಲ್ಲಿ ಹದ್ದು ಮತ್ತೆ ಗೂಡು ಕಟ್ಟಿದೆ. ನಾನು ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟಿದ್ದೇನೆ. ನೀನು ಎರಡು ವರ್ಷದಿಂದ ಊರಿಗೆ ಬಂದ ಸುದ್ದಿಯೂ ಇಲ್ಲವಲ್ಲ.

ಮಹಾಬಲ


ಮುಂಬಯಿ
೧೮ ಅಕ್ಟೋಬರ್ ೧೯೬೩

ಮಹಾಬಲ,

ಇದನ್ನು ನಿಂತು ಓದಬೇಡ, ಕೂತು ಓದು.

ಊರಿಗೆ ಬಂದಿದ್ದೆ, ಎರಡು ಸಲ. ಹೊಳೆ ದಾಟಿ ಭಟ್ಕಳದ ಬಸ್ಸು ಹತ್ತಿ ನಿನ್ನ ಮನೆಯ ಎದುರಿನಿಂದಲೇ ಹೋದೆ. ಎರಡನೆಯ ಸಲ ಅತ್ತಿಗೆ ಬೇಲಿಗೆ ಬಟ್ಟೆ ಒಣಹಾಕುತ್ತಿದ್ದರು. ನಾನು ಆಚೆ ಬದಿಯ ಕಿಟಕಿಗೆ ಮುಖ ತಿರುಗಿಸಿದೆ.

ಆ ಲೆನ್ಸು ಅಂಗಡಿಗೆ ಬಂದಾಗಲೇ ಮುಂದಿನ ಗಾಜಿನ ಅಂಟು ಬಿಟ್ಟಿತ್ತು. ಅದನ್ನು ಬಿಡಿಸಿ ಹೊಸದಾಗಿ ಅಂಟಿಸಿದವನು ನಾನು. ಒಬ್ಬನೇ ಮಾಡಿದ ಮೊದಲ ಅಂಟಿಸುವ ಕೆಲಸ ಅದು. ಅಂಟಿಸಿದ ಮೇಲೆ ಹದವಾದ ಶಾಖದಲ್ಲಿ ವಾರಗಟ್ಟಲೆ ಬಿಡಬೇಕು. ನಾನು ಎರಡನೆಯ ದಿನವೇ ತೆಗೆದೆ. ಡಬ್ಬಿಯ ತಳದ ಹಳೆಯ ಅಂಟನ್ನೇ ಬಳಸಿದ್ದೆ. ನೀನು ಅವಸರ ಮಾಡುತ್ತಿದ್ದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅವಸರ ನಿನ್ನದಲ್ಲ, ನನ್ನದು. ಮುಖ್ಯ ಮೆಕ್ಯಾನಿಕ್ ರಜೆಯಿಂದ ಬಂದು ನನ್ನ ಕೆಲಸ ನೋಡುವ ಮೊದಲು ಅದು ಮೇಜಿನಿಂದ ಹೋಗಿರಬೇಕಿತ್ತು.

ನೀನು ಲೆನ್ಸು ಮರಳಿ ಕಳಿಸಿದಾಗ ಬಿಚ್ಚಿದರೆ ಗಾಜಿನ ಅಂಚಿನಲ್ಲಿ ನಾನು ಹಾಕಿದ ಪೆನ್ಸಿಲ್ ಗುರುತು ಇತ್ತು. ಬಿಸಿ ತಾಗಿದ ಅಂಟು ಅಂಚಿನಿಂದ ಗುಳ್ಳೆ ಏಳುತ್ತದೆ. ಇದರ ಅಂಚು ಚೊಕ್ಕವಾಗಿತ್ತು, ಕೆಟ್ಟಿದ್ದು ನಡುವಿನಿಂದ. ಒಣಗದ ಅಂಟು ಕೆಡುವುದು ಹಾಗೆ. ಅಟ್ಟದ ಬಿಸಿ ಅದಕ್ಕೆ ಏನೂ ಮಾಡಿರಲಿಲ್ಲ. ನೀನು ಮೊದಲು ಹಾಲಿನ ಮಾತು ಬರೆದದ್ದು ಮೇ ತಿಂಗಳಲ್ಲಿ, ಮಹಾಬಲ. ಲೆನ್ಸು ಅಟ್ಟಕ್ಕೆ ಹೋದದ್ದು ಜೂನಿನಲ್ಲಿ. ಮೇ ತಿಂಗಳಲ್ಲೇ ನನಗೆ ತಿಳಿದಿತ್ತು. ಉಪ್ಪು, ಬಿಸಿಗಾಳಿ ಎಂದು ಸುಳ್ಳು ಬರೆದೆ. ಆಗಲೇ ತರಿಸಿಕೊಂಡಿದ್ದರೆ ದೀಪಾವಳಿಗೆ ನಿನ್ನ ಕೈಯಲ್ಲಿ ಬೇರೆ ಲೆನ್ಸು ಇರುತ್ತಿತ್ತು.

ಇನ್ನೊಂದು ಹೇಳಬೇಕು. ಆ ಗಾಜಿನಲ್ಲಿ ಬೂಷ್ಟಿನ ಒಂದು ಎಳೆಯೂ ಇರಲಿಲ್ಲ. ನಮ್ಮ ಕಡೆಯ ಮಳೆಗಾಲ ದಾಟಿ ಬಂದ ಲೆನ್ಸು ಅಷ್ಟು ಶುಚಿಯಾಗಿದ್ದದ್ದನ್ನು ನಾನು ಈ ಹತ್ತು ವರ್ಷದಲ್ಲಿ ನೋಡಿಲ್ಲ. ಅತ್ತಿಗೆ ಅದನ್ನು ಕಾಪಾಡಿದ್ದರು.

ನೀನು ಆಣೆಯ ವಿಷಯ ಬರೆದ ಮೇಲೆ ನನಗೆ ನೆಮ್ಮದಿಯಿಲ್ಲ. ಆದರೂ ಬರೆಯಲು ಹನ್ನೊಂದು ತಿಂಗಳು ಹಿಡಿಯಿತು. ಈ ಕಾಗದವನ್ನು ಅವರಿಗೆ ಓದಿ ಹೇಳು.

ಆ ಹನ್ನೊಂದು ನೆಗೆಟಿವ್ ಎಸೆದಿಲ್ಲ ತಾನೇ? ಮಬ್ಬಿನ ಕೆಳಗೆ ಮುಖ ಇರುತ್ತದೆ, ತೆಳ್ಳಗೆ ಇರುತ್ತದೆ ಅಷ್ಟೇ. ಕಪ್ಪು ಬಿಳುಪನ್ನು ಎದ್ದು ಕಾಣಿಸುವ ಗಡಸು ಫಿಲ್ಮಿನ ಮೇಲೆ ಮತ್ತೆ ಮತ್ತೆ ನಕಲು ತೆಗೆದರೆ ಮೇಲೆ ಬರುತ್ತದೆ. ನಾನು ರಾತ್ರಿ ಶಾಲೆಗೆ ಸೇರಿ ಅದನ್ನೇ ಕಲಿಯುತ್ತಿದ್ದೇನೆ. ನನಗೆ ಕಳಿಸು.

ಜಾಫರ್


ಕಾಸರಕೋಡ
೨ ಜನವರಿ ೧೯೬೪

ಶ್ರೀ ಜಾಫರ್ ಅವರಿಗೆ,

ನಿಮ್ಮ ಕಾಗದ ತಲುಪಿದೆ. ಈ ವಿಷಯವಾಗಿ ನನ್ನ ಮನೆಯವರಿಗೆ ನೇರವಾಗಿ ಬರೆಯುವ ಅಥವಾ ಯಾರ ಬಾಯಿಂದಲೂ ತಿಳಿಸುವ ಕೆಲಸ ಮಾಡಬಾರದು. ನೆಗೆಟಿವ್‌ಗಳ ವಿಚಾರ ಆಮೇಲೆ ತಿಳಿಸುತ್ತೇನೆ.

ಮಹಾಬಲ ನಾಯ್ಕ


ಮುಂಬಯಿ
೧೫ ಮಾರ್ಚ್ ೧೯೬೪

ಮಹಾಬಲ,

ಬೈದು ಬರೆದಿದ್ದರೆ ನಾಲ್ಕು ದಿನ ಊಟ ರುಚಿಸುತ್ತಿತ್ತು. ನೀನು ನನ್ನನ್ನು ನೀವು ಎಂದೆ.

ಬೇರೆಯವರ ಹಾಳಾದ ನೆಗೆಟಿವ್ ಮೇಲೆ ಪ್ರಯೋಗ ಮಾಡಿದೆ. ಇದೇ ರೀತಿ ಮಬ್ಬಾದದ್ದು, ಮದುವೆಯ ಫೋಟೋ. ಮೂರನೆಯ ನಕಲಿಗೆ ಹುಡುಗಿಯ ಹುಬ್ಬು ಬಂತು, ಐದನೆಯದಕ್ಕೆ ತುಟಿ. ನಿನ್ನ ಹನ್ನೊಂದರಲ್ಲಿ ಒಂದರಲ್ಲಾದರೂ ಬಂದೇ ಬರುತ್ತದೆ. ಮಳೆ ಶುರುವಾಗುವ ಮೊದಲು ಕಳಿಸು. ಫಿಲ್ಮಿನ ಮೇಲಿನ ಪದರ ಬಡಗಿಯ ಸರೇಸಿನ ಅಂಟಿನಂಥದ್ದು, ನೀರು ತಾಗಿ ಊದಿದರೆ ಮತ್ತೆ ಏನೂ ಮಾಡಲು ಬರುವುದಿಲ್ಲ. ಮೇಣದ ಕಾಗದದಲ್ಲಿ ಒಂದೊಂದನ್ನೇ ಸುತ್ತು.

ಅತ್ತಿಗೆಗೆ ಹೇಳಿದೆಯಾ? ಇಲ್ಲವಾದರೆ ಬಕ್ರೀದಿಗೆ ಬಂದು ನಾನೇ ಅವರ ಎದುರು ನಿಂತು ಹೇಳುತ್ತೇನೆ. ಆಣೆ ಬಿಡಿಸು, ನಿನ್ನ ಕಾಲಿಗೆ ಬೀಳುತ್ತೇನೆ.

ಜಾಫರ್


ಕಾಸರಕೋಡ
೧೦ ಏಪ್ರಿಲ್ ೧೯೬೪

ಜಾಫರ್,

ಬರಬೇಡ. ನಾನೇ ಹೇಳುತ್ತೇನೆ.

ಇನ್ನೂ ಹೇಳಿಲ್ಲ. ಯಾಕೆಂದು ನೀನು ಕೇಳುವೆ. ಅವಳು ಎದುರು ಬಂದು ತಟ್ಟೆ ಇಡುತ್ತಾಳೆ, ನಿನ್ನ ಕಾಗದ ನನ್ನ ಜೇಬಿನಲ್ಲೇ ಇರುತ್ತದೆ, ಬಾಯಿ ತೆರೆಯುತ್ತೇನೆ, ಉಪ್ಪು ಕೊಡು ಎನ್ನುತ್ತೇನೆ. ಮೂರು ವರ್ಷ ಅವಳನ್ನು ಮಗಳ ಮುಖ ಸುಟ್ಟವಳು ಎಂದು ನೋಡಿದೆ. ಅವಳೂ ಹಾಗೆಂದೇ ನಂಬಿಬಿಟ್ಟಿದ್ದಾಳೆ. ಈಗ ಅಲ್ಲ ಎಂದರೆ ನಾನು ಯಾರಾಗುತ್ತೇನೆ? ಮೇ ತಿಂಗಳಲ್ಲಿ ಹಾಲು ಬಿದ್ದಿದೆ ಎಂದು ನಿನಗೆ ಬರೆದವನು ನಾನೇ. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವನು. ಮೇ ಮೊದಲೋ ಜೂನ್ ಮೊದಲೋ ಎಂದು ಒಂದು ಸಲ ಯೋಚಿಸಲಿಲ್ಲ. ನಿನ್ನ ಸುಳ್ಳು ಇಲ್ಲದಿದ್ದರೂ ನಾನು ಅವಳನ್ನೇ ಹಿಡಿದುಕೊಳ್ಳುತ್ತಿದ್ದೆನೋ ಏನೋ. ಅದು ನನಗೆ ಭಯ.

ನೆಗೆಟಿವ್ ತೆಗೆಯಬೇಕಾದರೆ ಪೆಟ್ಟಿಗೆ ತೆರೆಯಬೇಕು, ಅವಳು ಯಾಕೆಂದು ಕೇಳುತ್ತಾಳೆ. ಶಾಲೆಗೆ ರಜೆ ಬಿಡಲಿ. ಮಳೆ ಹಿಡಿಯುವ ಮೊದಲು ಎರಡನ್ನೂ ಮಾಡುತ್ತೇನೆ.

ಮಹಾಬಲ


ಕಾಸರಕೋಡ
೨೬ ಜುಲೈ ೧೯೬೪

ಜಾಫರ್,

ಮಳೆ ಹಿಡಿಯುವ ಮೊದಲು ಎಂದಿದ್ದೆ. ಮಾಡಲಿಲ್ಲ. ರಜೆ ಬಂತು, ಹೋಯಿತು.

ಈ ತಿಂಗಳು ಮ್ಯಾಟ್ರಿಕ್ ಮಾಸ್ತರರ ತರಬೇತಿಗೆಂದು ನನ್ನನ್ನು ಕುಮಟೆಗೆ ಕಳಿಸಿದರು, ಹತ್ತು ದಿನ. ಏಳನೆಯ ದಿನ ದೊಡ್ಡ ಗಾಳಿ ಬಂತು. ಶರಾವತಿ ತುಂಬಿ ಹೊನ್ನಾವರದ ದೋಣಿ ನಿಂತಿತು. ತರಬೇತಿ ಮುಗಿಸಿ ಬಂದವನು ಹೊನ್ನಾವರದ ದಡದಲ್ಲಿ ಮತ್ತೊಂದು ದಿನ ಕಾದೆ. ಮರುದಿನ ಮಧ್ಯಾಹ್ನ ಮನೆ ಮುಟ್ಟಿದೆ.

ನನ್ನ ಕೋಣೆಯ ಮೇಲೆ ನಾಲ್ಕು ಹಂಚು ಹಾರಿಹೋಗಿತ್ತು. ಸುಮತಿ ಕೋಣೆಯೊಳಗೆ ಇದ್ದಳು. ಪೆಟ್ಟಿಗೆಯ ಪಕ್ಕ ಮಣೆ ಹಾಕಿ ಕೂತು, ಹಳೆಯ ಕೊಡೆಯನ್ನು ಅದರ ಮೇಲೆ ಹಿಡಿದಿದ್ದಳು. ಪೆಟ್ಟಿಗೆಗೆ ತಾಗದ ಹಾಗೆ ಒಂದು ಗೇಣು ಎತ್ತರದಲ್ಲಿ. ಸುತ್ತ ಮಣ್ಣಿನ ಒಡ್ಡು ಕಟ್ಟಿದ್ದಳು, ಅದೂ ಪೆಟ್ಟಿಗೆಗೆ ತಾಗಿರಲಿಲ್ಲ. ಸೋಮ ಅವಳ ಬೆನ್ನಿಗೆ ಒರಗಿ ನಿದ್ದೆ ಮಾಡಿದ್ದ. ನಾಲ್ಕು ದಿನದಿಂದ ಅಡಿಗೆಗೆ ಏಳುವುದು, ಮತ್ತೆ ಬಂದು ಕೂರುವುದು. ಅವಳ ಬಲಗೈ ಊದಿತ್ತು. ನೀರು ಮೇಲಿನಿಂದ ಹೋಗಿರಲಿಲ್ಲ. ನೆಲದಿಂದ ಒರತೆ ಎದ್ದು, ತುಕ್ಕು ಹಿಡಿದ ತಳದಿಂದ ಒಳಗೆ ಹೋಗಿತ್ತು. ಅದು ಅವಳಿಗೆ ಕಾಣುವ ಹಾಗಿರಲಿಲ್ಲ.

ನಾನು ಮೊದಲು ಕೇಳಿದ್ದು ಏನು ಗೊತ್ತೇ? "ಎತ್ತಿ ಆಚೆ ಇಡೂಕೆ ಎಂತ ಆಗಿತ್ತು?" ಎಂದೆ.

"ಆಣೆ ಹಾಕ್ಸಿದ್ರಲ್ಲ," ಎಂದಳು.

"ಯಾರನ್ನಾದ್ರೂ ಕರೀಬೇಕಿತ್ತು."

"ಆಚೆಮನೆ ದುರ್ಗಪ್ಪಣ್ಣ ಬಂದಿದ್ರು, ಎತ್ತಿಡ್ತೆ ಅಂದ್ರು. ನಾನೇ ಬ್ಯಾಡ ಅಂದೆ. ಬೇರೆಯವರ ಕೈಲೂ ಮುಟ್ಸೂದಿಲ್ಲ ಅಂದೇ ನೀವು ಹೇಳ್ಸಿದ್ದು. ಒಂದನ್ನ ಕಳ್ಕಂಡಾತು. ಫೋಟೋಕ್ಕಾಗಿ ಇನ್ನೊಂದರ ತಲೆ ಮೇಲೆ ಎಂತಾದ್ರೂ ತಂದ್ಕಳ್ಳೂಕೆ ಆತದಾ?"

ಅಲ್ಲೇ, ಒದ್ದೆ ನೆಲದ ಮೇಲೆ ಕೂತು ನಿನ್ನ ಕಾಗದ ಓದಿದೆ. ಜೇಬಿನಲ್ಲಿ ಮಡಿಕೆ ಹರಿದುಹೋಗಿತ್ತು, ಜೋಡಿಸಿ ಹಿಡಿದು ಓದಿದೆ. ಅವಳು ಕೊಡೆ ಮಡಚದೆ ಕೇಳಿದಳು. ಬೂಷ್ಟಿನ ಮಾತು ಬಂದಾಗ, "ಬೂಷ್ಟು ಹಿಡ್ದಿರ್ಲಿಲ್ವಾ?" ಎಂದು ಒಂದು ಸಲ ಕೇಳಿದಳು. ಇಲ್ಲ ಎಂದೆ. ಮುಗಿದ ಮೇಲೆ, "ಈ ಕಾಗ್ದ ಯಾವಾಗ ಬಂತು?" ಎಂದಳು. ಸುಳ್ಳು ಹೇಳಬಹುದಿತ್ತು, ಅವಳಿಗೆ ಓದಲು ಬರುವುದಿಲ್ಲ. ದೀಪಾವಳಿಗೆ ಮುಂಚೆ ಎಂದೆ. ಅವಳು ಬೆರಳು ಮಡಚಿ ಎಣಿಸಿದಳು.

ಆಮೇಲೆ, "ಆಣೆ ಬಿಡ್ಸಿ," ಎಂದಳು. ಸೋಮನ ತಲೆಯ ಮೇಲೆ ಕೈಯಿಟ್ಟು ಬಿಟ್ಟೆ ಎಂದೆ. ಅವಳು ಪೆಟ್ಟಿಗೆ ತೆರೆದಳು. ನೆಗೆಟಿವ್‌ಗಳೆಲ್ಲ ಒಂದಕ್ಕೊಂದು ಅಂಟಿ ಒಂದೇ ಮುದ್ದೆಯಾಗಿತ್ತು. ನಾನು ಬೇಡ ಎನ್ನುವಷ್ಟರಲ್ಲಿ ಅವಳು ಒಂದನ್ನು ಬಿಡಿಸಿದಳು. ಫಿಲ್ಮು ಬರಿದಾಗಿ ಬಂತು, ಮೇಲಿದ್ದ ಕಪ್ಪು ಲೋಳೆ ಅವಳ ಬೆರಳಿಗೆ ಹತ್ತಿತು.

"ಇದು ಎಂತ?" ಎಂದಳು.

ಅದೇ ಚಿತ್ರ ಎಂದೆ.

ಹನ್ನೊಂದೂ ಹೋದವು. ನೀನು ಕಲಿತ ವಿದ್ಯೆಗೆ ಇಲ್ಲಿ ಇನ್ನು ಕೆಲಸವಿಲ್ಲ. ಮಾದೇವಿಯ ಮುಖ ಈಗ ನಮ್ಮಿಬ್ಬರಿಗೆ ಎಷ್ಟು ನೆನಪಿದೆಯೋ ಅಷ್ಟೇ. ನಾವಿಬ್ಬರೂ ಅದನ್ನು ಒಟ್ಟಿಗೆ ಕೂತು ನೆನೆಯುವವರಲ್ಲ.

ನೀನು ಇನ್ನು ಕ್ಷಮೆ ಕೇಳಿ ಬರೆಯಬೇಡ. ನೀನು ತಪ್ಪು ಮಾಡಿದೆ, ಹೆದರಿ ಮುಚ್ಚಿಟ್ಟೆ, ಕೊನೆಗೆ ಹೇಳಿದೆ. ಹೇಳಿದಾಗ ಹನ್ನೊಂದು ನೆಗೆಟಿವ್ ಒಣಗಿ ಪೆಟ್ಟಿಗೆಯಲ್ಲಿದ್ದವು. ಅದಾದ ಮೇಲಿನ ಒಂಬತ್ತು ತಿಂಗಳು ನನ್ನವು, ಅದರಲ್ಲಿ ನಿನಗೆ ಪಾಲಿಲ್ಲ. ಕ್ಷಮೆ ಕೇಳಬೇಕಾದವನು ನಾನು. ಕೇಳಿದೆ. ಅವಳು ಕೇಳಿಸಿಕೊಂಡಳು. ಸೋಮನ ಗಂಜಿ ತಣ್ಣಗಾಗುತ್ತದೆ ಎಂದು ಎದ್ದು ಒಳಗೆ ಹೋದಳು.

ಮಹಾಬಲ